ಬದನೆಕಾಯಿಯ ತಪ್ಪಲ್ಲ

ನಮ್ಮ ಕಡೆ ಯಾರದಾದರೂ ಗಾಯ ಮಾಯದೆ ಕೀವು ಕಟ್ಟಿತೆಂದರೆ ಮೊದಲು ಕೇಳುವ ಪ್ರಶ್ನೆ ಒಂದೇ: "ಏನ್ ತಿಂದಿದ್ದಿ?" ಬದನೆಕಾಯಿ ನಂಜು, ಹುಳಿ ನಂಜು ಎಂದು ಅಜ್ಜಿಯರು ಹಾಕಿಕೊಟ್ಟ ಪಟ್ಟಿ ಇಂದಿಗೂ ನಮ್ಮ ಅಡುಗೆಮನೆಗಳಲ್ಲಿ ನಡೆಯುತ್ತದೆ. ಕಾಲಿಗೆ ಮುಳ್ಳು ಚುಚ್ಚಿಸಿಕೊಂಡ ಹುಡುಗನಿಂದ ಹಿಡಿದು ಹೊಟ್ಟೆಯ ಆಪರೇಶನ್ ಆದ ಹೆಂಗಸಿನವರೆಗೆ ಎಲ್ಲರಿಗೂ ಅದೇ ಪಟ್ಟಿ. ಅದರಲ್ಲಿ ಮೊದಲ ಆರೋಪಿ ಬದನೆಕಾಯಿ, ಎರಡನೆಯ ಆರೋಪಿ ಅದನ್ನು ತಿಂದವಳು. ಬಿ.ಎ., ಬಿ.ಇಡಿ. ಓದಿ ಊರ ಮಕ್ಕಳಿಗೆ ಬುದ್ಧಿ ಹೇಳುವ ನಾನೂ ಆ ಪಟ್ಟಿಯನ್ನು ನಂಬಿ, ನನಗೆ ತಾಯಿಯಂತಿದ್ದ ಒಬ್ಬಳ ಮೇಲೆ ತಪ್ಪು ಹೊರಿಸಿದೆ. ಆ ಹೊರೆಯನ್ನು ಆಕೆಯ ತಲೆಯಿಂದ ಇಳಿಸಲು ಎರಡೂವರೆ ವರ್ಷ ಹಿಡಿಯಿತು.

ಆಕೆ ನಮ್ಮ ವೈನಿ, ಇಳಕಲ್ಲಿನಲ್ಲಿರುವ ಅಣ್ಣನ ಹೆಂಡತಿ. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಮನೆಗೆ ಸೊಸೆಯಾಗಿ ಬಂದವಳು. ಅಣ್ಣ ಕುಣಿಮಗ್ಗದಲ್ಲಿ ಕುಳಿತು ಸೀರೆ ನೇಯ್ದರೆ ವೈನಿ ಕಂಡಿಕೆ ಸುತ್ತುತ್ತಿದ್ದಳು. ತನ್ನ ಮನೆಯ ಕೆಲಸ ಮುಗಿದ ಮೇಲೆ ನೆರೆಮನೆಯವರಿಗೂ ಸುತ್ತಿಕೊಟ್ಟು ಬಂದ ಪುಡಿಗಾಸನ್ನು ಸಾಸಿವೆ ಡಬ್ಬಿಯಲ್ಲಿ ಇಡುತ್ತಿದ್ದಳು. ನನ್ನ ಬಿ.ಇಡಿ. ಫೀಜು ಹೋದದ್ದು ಆ ಡಬ್ಬಿಯಿಂದ. ಇದನ್ನು ಆಕೆ ಒಮ್ಮೆಯೂ ಆಡಿ ತೋರಿಸಿದವಳಲ್ಲ. ಈಗ ನಾನೇ ಹೇಳುತ್ತಿದ್ದೇನೆ, ಏಕೆಂದರೆ ಮುಂದಿನ ಮಾತಿಗೆ ಅದು ಬೇಕು.

2022ರ ಶ್ರಾವಣದಲ್ಲಿ ವೈನಿಗೆ ಗರ್ಭಕೋಶ ತೆಗೆಸಬೇಕಾಯಿತು. ಗಡ್ಡೆಯಾಗಿತ್ತು, ರಕ್ತ ಹೋಗಿ ಹೋಗಿ ಮುಖ ಬಿಳಿಚಿತ್ತು. ಯಾರೋ ಹೇಳಿದರೆಂದು ಜಿಲ್ಲೆಯ ಹೊರಗಿನ ಊರೊಂದರ ಖಾಸಗಿ ದವಾಖಾನೆಗೆ ಕರೆದೊಯ್ದರು. ಆಪರೇಶನ್ ಆಯಿತು. ಆರನೆಯ ದಿನ ಮನೆಗೆ ಕಳಿಸಿದರು. ಮೈ ಬೆಚ್ಚಗಿದೆ ಎಂದು ವೈನಿ ಹೇಳಿದ್ದಳಂತೆ. "ಆಪರೇಶನ್ ಆದ ಮ್ಯಾಲ ಇಷ್ಟು ಇರತೈತಿ, ಗುಳಿಗಿ ತಗೋರಿ" ಎಂದು ಅಲ್ಲಿಯವರು ಹೇಳಿದರಂತೆ. ಮನೆಗೆ ಬಂದ ಮೂರನೆಯ ದಿನ ಬಾಯಿ ಸಪ್ಪಗಾಗಿದೆ ಎಂದು ವೈನಿ ಸೊಸೆಯಿಂದ ಎರಡು ಬದನೆಕಾಯಿ ಎಣಗಾಯಿ ಮಾಡಿಸಿಕೊಂಡು ರೊಟ್ಟಿಯೊಂದಿಗೆ ತಿಂದಳು. ಮರುದಿನ ಹೊಲಿಗೆಯ ಒಂದು ತುದಿ ಬಿಚ್ಚಿ ಕೀವು ಬಂತು.

ಅದೇ ದವಾಖಾನೆಗೆ ಫೋನು ಮಾಡಿದರೆ, "ಪಥ್ಯ ಮಾಡಿಲ್ಲಾ ನೀವು" ಎಂದರು. ಸುದ್ದಿ ತಿಳಿದು ಹುನಗುಂದದಿಂದ ಓಡಿಹೋದ ನಾನು ಹೊಸ್ತಿಲು ದಾಟುವ ಮೊದಲೇ, "ಅಲ್ಲಾ ವೈನಿ, ತಿಳಿದಾಕಿ ನೀವು, ಬದನಿಕಾಯಿ ಯಾಕ ತಿಂದ್ರಿ?" ಎಂದೆ. ವೈನಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ತಿರುಗದೆ, "ತಪ್ಪಾತವಾ ತಂಗೀ" ಎಂದಳು. ಆ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ.

ಆಮೇಲಿನದು ಬಾಗಲಕೋಟೆಯ ಇನ್ನೊಂದು ದವಾಖಾನೆಯಲ್ಲಿ. ಹೊಲಿಗೆ ಪೂರ್ತಿ ಬಿಚ್ಚಿ, ದಿನವೂ ತೊಳೆದು, ಕೀವನ್ನು ಪರೀಕ್ಷೆಗೆ ಕಳಿಸಿ, ಅದಕ್ಕೆ ತಕ್ಕ ಔಷಧಿ ಕೊಟ್ಟು, ಕಡೆಗೆ ಮತ್ತೆ ಹೊಲಿಗೆ ಹಾಕಿದರು. ಹತ್ತಿರ ಹತ್ತಿರ ಒಂದು ತಿಂಗಳು. ಮಹಾನವಮಿಯ ಹೊತ್ತಿಗೆ ವೈನಿ ಮನೆಗೆ ಬಂದಳು. ಮೊದಲ ದವಾಖಾನೆಯ ಖರ್ಚಿನ ಎರಡರಷ್ಟು ಹಣ ಎರಡನೆಯದಕ್ಕೆ ಹೋಗಿತ್ತು. ವೈನಿಯ ಬಿಲ್ವಾರ ಒತ್ತೆ ಬಿದ್ದವು. ನಾಲ್ಕು ತಿಂಗಳು ಮಗ್ಗ ನಿಂತಿತು. ಅಲ್ಲಿಯ ಡಾಕ್ಟರಮ್ಮ ಒಮ್ಮೆ ನನ್ನೆದುರೇ, "ತಿಂದ ಅನ್ನದಿಂದ ಹೊಲಿಗಿ ಕೀವ ಆಗೂದಿಲ್ರಿ, ಕ್ರಿಮಿಯಿಂದ ಆಗತೈತಿ" ಎಂದಿದ್ದರು. ಕೇಳಿಸಿಕೊಂಡೆ, ತಲೆಗೆ ಹಾಕಿಕೊಳ್ಳಲಿಲ್ಲ. ಕೀವಿನ ವರದಿಯಲ್ಲಿ ಉದ್ದನೆಯದೊಂದು ಇಂಗ್ಲಿಷ್ ಹೆಸರಿತ್ತು. ಅದನ್ನು ಮಡಿಚಿ ಚೀಲದಲ್ಲಿಟ್ಟೆ.

ಅಣ್ಣನ ಮಗನಿಗೆ ರಕ್ತ ಕುದಿಯುತ್ತಿತ್ತು. "ನಾಲ್ಕ ಮಂದಿ ಕರಕೊಂಡು ಹೋಗಿ ಗಾಜು ಒಡದು ಬರತೀನಿ" ಎಂದ. ಅವನನ್ನು ತಡೆದವಳು ನಾನು. ತಡೆದದ್ದು ಸರಿ. ದವಾಖಾನೆಯ ಸಿಬ್ಬಂದಿಯ ಮೇಲೆ ಕೈ ಮಾಡುವುದು, ಅಲ್ಲಿಯ ಸಾಮಾನು ಒಡೆಯುವುದು ನಮ್ಮ ರಾಜ್ಯದ 2009ರ ಕಾಯ್ದೆಯ ಪ್ರಕಾರ ಜೈಲಿಗೆ ಕಳಿಸುವ ಅಪರಾಧ. ಆದರೆ ತಡೆದ ಮೇಲೆ ನಾನು ಹೇಳಿದ ಮಾತು ಸರಿಯಿರಲಿಲ್ಲ. "ಬಿಡೋ, ದೇವರು ಜೀವ ಉಳಿಸಿದನಲ್ಲ. ಕೋರ್ಟು ಕಚೇರಿ ನಮ್ಮಂಥವರಿಗಲ್ಲ. ಮೇಲಾಗಿ ಸಹಿ ಮಾಡಿಕೊಟ್ಟವರೂ ನಾವೇ, ಪಥ್ಯ ಮುರಿದವರೂ ನಾವೇ" ಎಂದೆ. ಮನೆಯಲ್ಲಿ ಓದಿದವಳು ನಾನೊಬ್ಬಳೇ. ನನ್ನ ಮಾತಿಗೆ ಎದುರಿರಲಿಲ್ಲ. ವೈನಿ ಬಾದಾಮಿಯ ಬನಶಂಕರಿಗೆ ಹರಕೆ ಹೊತ್ತು, ಇನ್ನು ಬದನೆಕಾಯಿ ಮುಟ್ಟುವುದಿಲ್ಲ ಎಂದು ಬಿಟ್ಟಳು. ಎಣಗಾಯಿ ಬಿಡುವುದೆಂದರೆ ನಮ್ಮ ಕಡೆಯವರಿಗೆ ಏನೆಂದು ಓದುವ ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಎರಡು ವರ್ಷ ಹೀಗೇ ಕಳೆದವು. 2024ರ ನವೆಂಬರಿನಲ್ಲಿ ಬಳ್ಳಾರಿಯ ಸುದ್ದಿ ಬಂತು. ಆ ತಿಂಗಳ 9ರಿಂದ 11ರವರೆಗೆ ಅಲ್ಲಿಯ ಜಿಲ್ಲಾ ಆಸ್ಪತ್ರೆಯಲ್ಲಿ ಸಿಜೇರಿಯನ್ ಆದ ಬಾಣಂತಿಯರಲ್ಲಿ ಕೆಲವರಿಗೆ ಒಮ್ಮೆಲೇ ಬಿಗಡಾಯಿಸಿ, ಒಬ್ಬರ ಹಿಂದೆ ಒಬ್ಬರಂತೆ ಐವರು ತೀರಿಕೊಂಡರು. ನರಕ್ಕೆ ಏರಿಸುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಸಂಶಯ ಬಂದು ಸರಕಾರ ಅದರ ಬಳಕೆ ನಿಲ್ಲಿಸಿತು. ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತು ಮಾಡಿತು. ಸತ್ತವರ ಕುಟುಂಬಗಳಿಗೆ ಮೊದಲು 2 ಲಕ್ಷ ರೂಪಾಯಿ, ಆಮೇಲೆ 5 ಲಕ್ಷ ಎಂದು ಪರಿಹಾರ ಘೋಷಿಸಿತು. ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿ ತೆರೆದಿಟ್ಟುಕೊಂಡೇ ಎಲ್ಲರೂ ಆ ಪೇಪರು ಓದಿದೆವು. ಒಬ್ಬರು 2019ರ ಜುಲೈ ನೆನಪು ಮಾಡಿದರು. ಬೆಂಗಳೂರಿನ ಮಿಂಟೋ ಕಣ್ಣಿನ ಆಸ್ಪತ್ರೆಯಲ್ಲಿ ಒಂದೇ ದಿನ ಪೊರೆಯ ಆಪರೇಶನ್ ಆದವರಿಗೆ ಸೋಂಕು ತಗಲಿ ಹಲವರು ದೃಷ್ಟಿ ಕಳೆದುಕೊಂಡಿದ್ದರು. ದೃಷ್ಟಿ ಹೋದವರಿಗೆ ಸರಕಾರ ತಲಾ 3 ಲಕ್ಷ ಘೋಷಿಸಿತ್ತು. ಆಗ ನಮ್ಮ ಕಿರಿಯ ಸಹೋದ್ಯೋಗಿಯೊಬ್ಬಳು ಸಹಜವಾಗಿ ಅಂದಳು: "ಪಾಪ, ಅವರೇನು ತಿಂದಿದ್ದರು?"

ಚುಚ್ಚಿ ಹೇಳಿದ ಮಾತಲ್ಲ ಅದು. ಆದರೆ ನನಗೆ ಚುಚ್ಚಿತು. ಐವರು ಬಾಣಂತಿಯರು ಬದನೆಕಾಯಿ ತಿಂದು ಸಾಯಲಿಲ್ಲ. ಕಣ್ಣು ಕಳೆದುಕೊಂಡವರು ಪಥ್ಯ ಮುರಿದಿರಲಿಲ್ಲ. ಹಾಗಾದರೆ ನಮ್ಮ ವೈನಿ?

2025ರ ಜನವರಿ 13ಕ್ಕೆ ಬನದ ಹುಣ್ಣಿಮೆ. ವೈನಿಯ ಹರಕೆ ತೀರಿಸಲು ಬಾದಾಮಿಗೆ ಹೋದೆವು. ನಾಟಕ ಕಂಪನಿಗಳ ಮೈಕಿನ ಗದ್ದಲ, ಮಾರಾಟಕ್ಕಿಟ್ಟ ಬಾಗಿಲು ಚೌಕಟ್ಟುಗಳ ಸಾಲು, ನೂಕುನುಗ್ಗಲು. ದರ್ಶನ ಮುಗಿಸಿ ಗುಡಿಯ ಮುಂದಿನ ಹೊಂಡದ ಮೆಟ್ಟಿಲ ಮೇಲೆ ಕುಳಿತಿದ್ದಾಗ, "ಅಕ್ಕೋರ, ನಮಸ್ಕಾರ್ರಿ" ಎಂದು ಒಬ್ಬಳು ಕಾಲಿಗೆ ಬಿದ್ದಳು. ನೋಡಿದರೆ ನನ್ನ ಹಳೆಯ ವಿದ್ಯಾರ್ಥಿನಿ. ಈಗ ಬಾಗಲಕೋಟೆಯಲ್ಲಿ ವಕೀಲಿ ಮಾಡುತ್ತಾಳಂತೆ. ಮಾತಿಗೆ ಮಾತು ಬಂದು ವೈನಿಯ ಕಥೆ ಹೇಳಿದೆ. ಅವಳು ಕೇಳಿದ ಮೊದಲ ಪ್ರಶ್ನೆ, "ಏನ್ ತಿಂದಿದ್ರು?" ಎಂದಲ್ಲ. "ಕಾಗದ ಎಲ್ಲಿ ಅದಾವ್ರಿ?" ಎಂದು.

ಅಂದು ಆ ಮೆಟ್ಟಿಲ ಮೇಲೆ ನಾನು ವಿದ್ಯಾರ್ಥಿಯಾದೆ. ಅವಳು ಹೇಳಿದ್ದನ್ನೂ, ಆಮೇಲೆ ನಾನೇ ಓದಿ ತಿಳಿದದ್ದನ್ನೂ ನಿಮಗೆ ಹೇಳಿಬಿಡುತ್ತೇನೆ. ನಾಳೆ ಯಾರ ಮನೆಗೆ ಬೇಕಾದೀತೋ ಯಾರು ಬಲ್ಲರು!

ದವಾಖಾನೆ ಸೇರಿ 48 ಗಂಟೆ ಕಳೆದ ಮೇಲೆ ಕಾಣಿಸಿಕೊಂಡ ಸೋಂಕನ್ನು, ಬರುವಾಗ ಅದು ಮೈಯಲ್ಲಿ ಇರದಿದ್ದರೆ, ದವಾಖಾನೆಯಲ್ಲೇ ತಗಲಿದ್ದೆಂದು ವೈದ್ಯರು ಎಣಿಸುತ್ತಾರೆ. ಆಪರೇಶನ್ನಿನ ಗಾಯಕ್ಕಾದರೆ ಸಾಮಾನ್ಯವಾಗಿ 30 ದಿನಗಳವರೆಗೆ ಲೆಕ್ಕ. ಇದು ಬರೀ ನಮ್ಮ ಊರಿನ ಕಥೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೊರಡಿಸಿದ ವರದಿಯ ಪ್ರಕಾರ, ಆಸ್ಪತ್ರೆ ಸೇರಿದ ಪ್ರತಿ ನೂರು ಜನರಲ್ಲಿ ಶ್ರೀಮಂತ ದೇಶಗಳಲ್ಲಿ 7 ಜನಕ್ಕೆ, ನಮ್ಮಂಥ ದೇಶಗಳಲ್ಲಿ 15 ಜನಕ್ಕೆ ಅಲ್ಲಿಯೇ ಸೋಂಕು ತಗಲುತ್ತದೆ. ಹಾಗಾಗಿ ಸೋಂಕು ತಗಲಿತು ಎಂಬುದೊಂದೇ ಕಾರಣಕ್ಕೆ ಕಾನೂನು ಡಾಕ್ಟರರನ್ನು ತಪ್ಪಿತಸ್ಥರೆನ್ನುವುದಿಲ್ಲ. ಎಷ್ಟು ಎಚ್ಚರವಿದ್ದರೂ ಕೆಲವು ತಗಲುತ್ತವೆ. ಕಾನೂನು ಕೇಳುವುದು ಬೇರೆ: ಸೋಂಕು ತಗಲದಂತೆ ಮಾಡಬೇಕಾದ್ದನ್ನು ಮಾಡಿದ್ದರೇ? ತಗಲಿದ ಮೇಲೆ ಅದು ಕಣ್ಣಿಗೆ ಬಿದ್ದಾಗ ಏನು ಮಾಡಿದರು?

ಕೈ ತೊಳೆಯುವ ಮಾತೇ ನೋಡಿ. 1847ರಲ್ಲಿ ವಿಯೆನ್ನಾದ ದೊಡ್ಡಾಸ್ಪತ್ರೆಯಲ್ಲಿ ಸೆಮ್ಮಲ್‌ವೈಸ್ ಎಂಬ ಡಾಕ್ಟರು ಒಂದು ಸಂಗತಿ ಕಂಡುಕೊಂಡ. ಹೆಣ ಕೊಯ್ದ ಕೈಯಲ್ಲೇ ಡಾಕ್ಟರರು ಬಂದು ಹೆರಿಗೆ ಮಾಡಿಸುತ್ತಿದ್ದ ವಾರ್ಡಿನಲ್ಲಿ ಬಾಣಂತಿಯರು ಜ್ವರ ಬಂದು ಹೆಚ್ಚಾಗಿ ಸಾಯುತ್ತಿದ್ದರು. ಸುಣ್ಣದ ಕ್ಲೋರಿನ್ ನೀರಿನಲ್ಲಿ ಕೈ ತೊಳೆದೇ ಒಳಗೆ ಬರಬೇಕೆಂದು ಆತ ಕಟ್ಟಳೆ ಮಾಡಿದ. ಸಾವು ಗಕ್ಕನೆ ಇಳಿಯಿತು. ಆದರೂ ಆ ಕಾಲದ ದೊಡ್ಡ ಡಾಕ್ಟರರು ಅವನನ್ನು ನಂಬಲಿಲ್ಲ. ತಮ್ಮ ಕೈಯೇ ಕಾರಣ ಎಂದು ಒಪ್ಪುವುದು ಯಾರಿಗೆ ತಾನೇ ಸುಲಭ? ಬಾಣಂತಿಯ ಮೈಯೋ, ಗಾಳಿಯೋ, ಹಣೆಬರಹವೋ ಕಾರಣ ಎನ್ನುವುದು ಸುಲಭ. ನಮ್ಮಲ್ಲಿ ಅದು ಬದನೆಕಾಯಿ.

ಇನ್ನು ಎಲ್ಲಿ ಕೇಳಬೇಕು ಎಂಬ ಮಾತು. 1995ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು, ಭಾರತೀಯ ವೈದ್ಯಕೀಯ ಸಂಘ ಮತ್ತು ವಿ. ಪಿ. ಶಾಂತಾ ಅವರ ನಡುವಿನ ಮೊಕದ್ದಮೆಯಲ್ಲಿ, ಹಣ ಪಡೆದು ಕೊಡುವ ಚಿಕಿತ್ಸೆಯೂ ಗ್ರಾಹಕರ ಕಾನೂನಿನ ಅರ್ಥದಲ್ಲಿ ಒಂದು ಸೇವೆಯೇ ಎಂದು ಹೇಳಿತು. ಅಂದರೆ ಹಾಳಾದ ಮಿಕ್ಸರಿಗೆ ದೂರು ಕೊಡುವ ಹಾಗೆ ಕೆಟ್ಟ ಚಿಕಿತ್ಸೆಗೂ ಕೊಡಬಹುದು. ಈಗಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಅದರ ಪ್ರಕಾರ ದವಾಖಾನೆ ಯಾವ ಊರಿನಲ್ಲಿದ್ದರೂ ನಾವು ವಾಸವಾಗಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ನಮಗೆ ಅದು ಬಾಗಲಕೋಟೆಯ ನವನಗರ. ಚಿಕಿತ್ಸೆಗೆ ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಶುಲ್ಕವಿಲ್ಲ. ವಕೀಲರು ಬೇಕೇಬೇಕೆಂದೂ ಇಲ್ಲ. ಬೇಕೆನಿಸಿದರೆ, 1987ರ ಕಾನೂನು ಸೇವೆಗಳ ಪ್ರಾಧಿಕಾರದ ಕಾಯ್ದೆಯಡಿ ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. 15100 ಎಂಬ ಸಂಖ್ಯೆಗೆ ಫೋನು ಮಾಡಿದರೂ ಸಾಕು. ಮೂವತ್ತು ವರ್ಷ ಹುನಗುಂದದ ಕೋರ್ಟಿನ ಮುಂದೆ ಹಾದು ಶಾಲೆಗೆ ಹೋದ ನನಗೆ ಇದು ಗೊತ್ತಿರಲಿಲ್ಲ.

"ಸಹಿ ಮಾಡಿಕೊಟ್ಟೀವಲ್ಲ?" ಎಂದು ಕೇಳಿದೆ. ಆಪರೇಶನ್ನಿಗೆ ಮೊದಲು ಅಣ್ಣ ನಾಲ್ಕು ಕಾಗದಕ್ಕೆ ಸಹಿ ಹಾಕಿದ್ದ. ಹುಡುಗಿ ನಕ್ಕಳು. "ಅಕ್ಕೋರ, ಆಪರೇಶನ್ ಮಾಡ್ರಿ ಅಂತ ಒಪ್ಪಿಗಿ ಕೊಟ್ಟೀರಿ. ಅಜಾಗರೂಕತೆ ಮಾಡ್ರಿ ಅಂತ ಒಪ್ಪಿಗಿ ಕೊಟ್ಟಿಲ್ಲ."

"ಯಾರ ಕೈಯಿಂದ ಆತು ಅಂತ ನಮಗ ಹೆಂಗ ಗೊತ್ತಾಗಬೇಕು?" ಎಂದು ಅಣ್ಣ ಕೇಳಿದ. ನೇಕಾರನ ಪ್ರಶ್ನೆ ಅದು. ಸೀರೆಯಲ್ಲಿ ಎಳೆ ಹರಿದರೆ ಎಲ್ಲಿ ಹರಿಯಿತೆಂದು ಅವನ ಬೆರಳು ಹುಡುಕುತ್ತದೆ. ಆದರೆ ಅರಿವಳಿಕೆಯಲ್ಲಿ ಮಲಗಿದ್ದವಳು ಎಳೆ ಎಲ್ಲಿ ಹರಿಯಿತೆಂದು ಹೇಗೆ ಹೇಳಬೇಕು? ಇದಕ್ಕೂ ಉತ್ತರವಿದೆ. ಸವಿತಾ ಗರ್ಗ್ ಎಂಬವರ ಮೊಕದ್ದಮೆಯಲ್ಲಿ 2004ರಲ್ಲಿ ಸುಪ್ರೀಂ ಕೋರ್ಟು ಹೇಳಿತು: ರೋಗಿಯ ಕಡೆಯವರು ಇಂಥದೇ ಡಾಕ್ಟರು, ಇಂಥದೇ ನರ್ಸು ಎಂದು ಬೊಟ್ಟು ಮಾಡಬೇಕಿಲ್ಲ, ಆಸ್ಪತ್ರೆಯ ಮೇಲೆ ದೂರು ಕೊಟ್ಟರೆ ಸಾಕು. ತನ್ನಲ್ಲಿ ಸರಿಯಾದ ಎಚ್ಚರ ವಹಿಸಲಾಗಿತ್ತು ಎಂದು ದಾಖಲೆಯೊಂದಿಗೆ ತೋರಿಸುವ ಹೊಣೆ ಆಸ್ಪತ್ರೆಯದು.

ಸರಕಾರಿ ದವಾಖಾನೆಯ ದಾರಿ ಬೇರೆ. ಎಲ್ಲರಿಗೂ ಪುಕ್ಕಟೆ ಚಿಕಿತ್ಸೆ ಕೊಡುವ ಕಡೆ ಗ್ರಾಹಕರ ಕಾನೂನು ನಡೆಯುವುದಿಲ್ಲ. ಹಾಗೆಂದು ಅಲ್ಲಿ ಕೇಳುವವರಿಲ್ಲ ಎಂದಲ್ಲ. ಸಿವಿಲ್ ಕೋರ್ಟಿದೆ. ಜೀವಿಸುವ ಹಕ್ಕಿನ ಹೆಸರಿನಲ್ಲಿ ಹೈಕೋರ್ಟಿಗೂ ಹೋಗಬಹುದು, ನಮಗೆ ಧಾರವಾಡದ ಪೀಠ. ಔರಂಗಾಬಾದಿನ ಕಥೆ ಹೇಳಲೇಬೇಕು. 1963ರಲ್ಲಿ ಅಲ್ಲಿಯ ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆಗೆಂದು ಸೇರಿದ ಹೆಂಗಸಿಗೆ ಹೆರಿಗೆಯ ನಂತರ ಸಂತಾನಹರಣದ ಆಪರೇಶನ್ ಮಾಡಿದರು. ಹೊಟ್ಟೆಯೊಳಗೆ ಬಟ್ಟೆಯ ತುಂಡೊಂದನ್ನು ಬಿಟ್ಟು ಹೊಲಿದುಬಿಟ್ಟಿದ್ದರು. ಒಳಗೆಲ್ಲ ಕೀವಾಯಿತು. ಮತ್ತೆ ಕೊಯ್ದು ತೆಗೆದರೂ ಆಕೆ ಉಳಿಯಲಿಲ್ಲ. ಸರಕಾರವೇ ಹೊಣೆ ಎಂದು ಸುಪ್ರೀಂ ಕೋರ್ಟಿನ ತೀರ್ಪು ಬಂದದ್ದು 1996ರಲ್ಲಿ. ಮೂವತ್ತಮೂರು ವರ್ಷ! ಅಂದು ಆಕೆ ಹೆತ್ತ ಮಗುವಿಗೂ ಅಷ್ಟೇ ವಯಸ್ಸು. ನ್ಯಾಯ ಸಿಕ್ಕಿತೆನ್ನಬೇಕೋ, ತಡವಾಯಿತೆನ್ನಬೇಕೋ ನೀವೇ ಹೇಳಿ. ಆದರೆ ಆ ಮನೆಯವರು, "ಬಿಡು, ನಮ್ಮಂಥವರಿಗಲ್ಲ" ಎಂದು ಕೂತಿದ್ದರೆ ಆಮೇಲೆ ಬಂದ ಎಷ್ಟೋ ಮೊಕದ್ದಮೆಗಳಿಗೆ ಆ ಆಧಾರ ಇರುತ್ತಿರಲಿಲ್ಲ.

ಪೋಲೀಸ್ ದೂರಿನ ಬಗ್ಗೆ ಅಣ್ಣನ ಮಗ ಕೇಳಿದ. ಡಾಕ್ಟರರ ಮೇಲೆ ಕ್ರಿಮಿನಲ್ ಮೊಕದ್ದಮೆ ನಿಲ್ಲಬೇಕಾದರೆ ತಪ್ಪು ಸಾಮಾನ್ಯದ್ದಲ್ಲ, ಬಹಳ ದೊಡ್ಡ ಅಜಾಗರೂಕತೆಯಾಗಿರಬೇಕು, ಮೊದಲು ಇನ್ನೊಬ್ಬ ತಜ್ಞ ವೈದ್ಯರ ಅಭಿಪ್ರಾಯ ಪಡೆಯಬೇಕು ಎಂದು ಸುಪ್ರೀಂ ಕೋರ್ಟು 2005ರಲ್ಲಿ ಗೆರೆ ಎಳೆದಿದೆ. ಒಬ್ಬ ವೈದ್ಯರ ನಡತೆಯ ಮೇಲೆಯೇ ದೂರಿದ್ದರೆ ಬೆಂಗಳೂರಿನ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ಬರೆಯಬಹುದು. ಅದು ಎಚ್ಚರಿಕೆ ಕೊಡಬಹುದು, ನೋಂದಣಿ ತಡೆಹಿಡಿಯಬಹುದು, ಹಣ ಕೊಡಿಸಲಾರದು. ಖಾಸಗಿ ದವಾಖಾನೆಯ ವ್ಯವಸ್ಥೆಯ ಮೇಲಿನ ದೂರಿಗೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರ ಜಿಲ್ಲೆಗೊಂದಿದೆ.

ಇಷ್ಟೆಲ್ಲ ಹೇಳಿದ ಮೇಲೆ ಹುಡುಗಿ ಬೆರಳೆಣಿಸಿದಳು. "ಅಕ್ಕೋರ, ಗ್ರಾಹಕರ ಆಯೋಗಕ್ಕ ಎರಡು ವರ್ಷದೊಳಗ ಹೋಗಬೇಕ್ರಿ. ಕಡೇ ಚಿಕಿತ್ಸಾ ಮುಗಿದ ದಿನದಿಂದ ಎಣಿಸಿದ್ರೂ ಮೂರು ತಿಂಗಳು ದಾಟ್ಯಾವ." ನನ್ನ ಎದೆ ಧಸಕ್ಕೆಂದಿತು. ಆ ಎರಡು ವರ್ಷವನ್ನು ತಿಂದದ್ದು ಬದನೆಕಾಯಿಯಲ್ಲ, ನನ್ನ "ಬಿಡೋ" ಎಂಬ ಮಾತು. ತಡವಾದದ್ದಕ್ಕೆ ತಕ್ಕ ಕಾರಣ ತೋರಿಸಿದರೆ ಆಯೋಗ ಮನ್ನಿಸಬಹುದು, ಮನ್ನಿಸಲೇಬೇಕೆಂದಿಲ್ಲ ಎಂದಳು. ಆಮೇಲೆ, "ಕಾಗದ ಮೊದಲು ತರಸ್ರಿ. ಡಾಕ್ಟರರು ರೋಗಿಯ ದಾಖಲೆ ಮೂರು ವರ್ಷ ಇಡಬೇಕು. ಬರದು ಕೇಳಿದ್ರ 72 ತಾಸಿನೊಳಗ ಕೊಡಬೇಕು. 2002ರ ನಿಯಮ ಐತಿ. ಮೂರು ವರ್ಷಕ್ಕ ಇನ್ನೂ ಏಳು ತಿಂಗಳು ಅದಾವ" ಎಂದಳು.

ವೈನಿ ಅಲ್ಲಿಯವರೆಗೆ ಸುಮ್ಮನೆ ಕುಳಿತಿದ್ದಳು. ಆಗ ಮೆಲ್ಲಗೆ, "ನನಗ ರೊಕ್ಕ ಬ್ಯಾಡವಾ. ಏನಾಗಿತ್ತಂತ ಒಮ್ಮೆ ತಿಳದ್ರ ಸಾಕು" ಎಂದಳು.

ಬಾದಾಮಿಯಿಂದ ಬಂದ ವಾರದಲ್ಲೇ ನಾನು ಅರ್ಜಿ ಬರೆದೆ. ವೈನಿಯ ಹೆಸರು, ಸೇರಿದ ದಿನ, ಬಿಡುಗಡೆಯಾದ ದಿನ, ಪೂರ್ತಿ ಕೇಸ್ ಶೀಟಿನ ನಕಲು ಬೇಕು ಎಂದು ನಾಲ್ಕೇ ಸಾಲು. ವೈನಿ ಕನ್ನಡದಲ್ಲಿ ಸಹಿ ಹಾಕಿದಳು. ನಾನೂ ಅಣ್ಣನ ಮಗನೂ ಒಯ್ದು ಕೊಟ್ಟೆವು. ಕೌಂಟರಿನಲ್ಲಿದ್ದವನು, "ಡಿಸ್‌ಚಾರ್ಜ್ ಕಾರ್ಡ್ ಕೊಟ್ಟೀವಲ್ರಿ, ಮತ್ತೇನು?" ಎಂದ. ಅರ್ಜಿ ಮುಟ್ಟಿದ್ದಕ್ಕೆ ಸಹಿ ಕೊಡಲು ಒಪ್ಪಲಿಲ್ಲ. ಜಗಳ ಮಾಡಲಿಲ್ಲ. ನೇರ ಅಂಚೆ ಕಚೇರಿಗೆ ಹೋಗಿ ಅದೇ ಅರ್ಜಿಯನ್ನು ರಿಜಿಸ್ಟರ್ ಮಾಡಿ, ಸ್ವೀಕೃತಿ ಚೀಟಿ ಸಹಿತ ಕಳಿಸಿದೆವು. 72 ತಾಸಿನಲ್ಲಿ ಬರಲಿಲ್ಲ. ಎರಡನೆಯ ಪತ್ರಕ್ಕೆ, ನಿಯಮದ ಹೆಸರು ಬರೆದದ್ದಕ್ಕೋ ಏನೋ, ನಕಲು ಬಂತು. ಇಪ್ಪತ್ತಾರು ಹಾಳೆ.

ಒಂದು ಭಾನುವಾರ ಇಳಕಲ್ಲಿನ ಮನೆಯ ಪಡಸಾಲೆಯಲ್ಲಿ ಚಾಪೆ ಹಾಸಿ ಕುಳಿತು ಆ ಹಾಳೆಗಳನ್ನು ಓದಿದೆವು. ಮಗ್ಗದ ಸದ್ದು ನಿಲ್ಲಿಸಿ ಅಣ್ಣನೂ ಬಂದು ಕುಳಿತ. ಡಾಕ್ಟರರ ಅಕ್ಷರ ಅರ್ಧ ತಿಳಿಯಲಿಲ್ಲ. ಆದರೆ ನರ್ಸುಗಳು ಬರೆಯುವ ಜ್ವರದ ಹಾಳೆ ಇತ್ತು. ಅದರಲ್ಲಿ ಅಂಕಿ, ತಾರೀಖು, ಹೊತ್ತು. ಅದನ್ನು ಓದಲು ಬಿ.ಎ. ಕೂಡ ಬೇಡ. ನಾಲ್ಕನೆಯ ದಿನದವರೆಗೆ ಸರಿ. ಐದನೆಯ ದಿನ ಸಂಜೆ 101. ಪಕ್ಕದಲ್ಲಿ, ಡ್ರೆಸ್ಸಿಂಗ್ ಒದ್ದೆಯಾಗಿದೆ, ಹೇಳಲಾಗಿದೆ ಎಂದು ಯಾವಳೋ ನರ್ಸು ದುಂಡಗೆ ಬರೆದಿದ್ದಳು. ಆರನೆಯ ದಿನ ಬೆಳಿಗ್ಗೆ 100.6. ಅದರ ಕೆಳಗೆ ಬೇರೆ ಕೈ: ಸ್ಥಿತಿ ತೃಪ್ತಿಕರ, ಮನೆಗೆ ಕಳಿಸಿ.

ಮತ್ತೊಮ್ಮೆ ಓದಿದೆ. ಐದನೆಯ ದಿನ. ವೈನಿ ಬದನೆಕಾಯಿ ತಿಂದದ್ದು ಮನೆಗೆ ಬಂದ ಮೂರನೆಯ ದಿನ. ನಂಜು ಅದಕ್ಕೂ ನಾಲ್ಕು ದಿನ ಮೊದಲೇ ದವಾಖಾನೆಯ ಹಾಸಿಗೆಯಲ್ಲೇ ಏರಿತ್ತು. ಅದನ್ನು ಒಬ್ಬಳು ಕಂಡಿದ್ದಳು, ಬರೆದಿದ್ದಳು, ಹೇಳಿದ್ದಳು. ಕೇಳಬೇಕಾದವರು ಕೇಳಿರಲಿಲ್ಲ.

ನಾನು ಹಾಳೆಯನ್ನು ವೈನಿಯ ಮುಂದೆ ಹಿಡಿದು, ಅಂಕಿಯ ಮೇಲೆ ಬೆರಳಿಟ್ಟು ಹೇಳಿದೆ. ಆಕೆ ಬಹಳ ಹೊತ್ತು ನೋಡಿದಳು. "ಅಂದ್ರ ನನ್ನ ತಪ್ಪಲ್ಲೇನವಾ?" ಎಂದಳು. "ಅಲ್ಲ ವೈನಿ. ನಂದು ತಪ್ಪು" ಎಂದೆ. ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಣ್ಣ ಎದ್ದು ಮಗ್ಗದ ಕಡೆ ಹೋದ, ಆದರೆ ನೇಯುವ ಸದ್ದು ಬಹಳ ಹೊತ್ತು ಕೇಳಲಿಲ್ಲ.

ಮಾರ್ಚಿನಲ್ಲಿ ದೂರು ಕೊಟ್ಟೆವು. ಜ್ವರದ ಹಾಳೆ, ಎರಡನೆಯ ದವಾಖಾನೆಯ ಕೀವಿನ ವರದಿ, ಬಿಲ್ಲುಗಳು, ಬಿಲ್ವಾರ ಒತ್ತೆಯಿಟ್ಟ ರಸೀತಿ, ಜೊತೆಗೆ ತಡವಾದದ್ದನ್ನು ಮನ್ನಿಸಬೇಕೆಂಬ ಅರ್ಜಿ. ಆ ಅರ್ಜಿಯಲ್ಲಿ ನನ್ನ ಪ್ರಮಾಣಪತ್ರವೂ ಇದೆ: ದವಾಖಾನೆಯವರು ಪಥ್ಯದ ತಪ್ಪೆಂದು ಹೇಳಿದ್ದನ್ನು ನಂಬಿ, ಮನೆಯವರು ದೂರು ಕೊಡದಂತೆ ತಡೆದವಳು ನಾನೇ ಎಂದು. ನನ್ನ ದಡ್ಡತನವನ್ನು ಹೀಗೆ ಛಾಪಾ ಕಾಗದದ ಮೇಲೆ ಬರೆದು ಸಹಿ ಹಾಕಬೇಕಾದೀತೆಂದು ನಾನು ಎಣಿಸಿರಲಿಲ್ಲ. ಬರೆದ ಮೇಲೆ ಮನಸ್ಸು ಹಗುರಾಯಿತು. ವಿಚಾರಣೆ ಮುಗಿದಿಲ್ಲ. ಗೆಲ್ಲುತ್ತೇವೆಂದು ಹೇಳಲಾರೆ. ತಡವಾದ ಕಾರಣಕ್ಕೇ ಸೋಲಬಹುದು. ದವಾಖಾನೆಯವರ ಮಾತೂ ಆಯೋಗದ ಮುಂದೆ ಬರಬೇಕು, ಬರಲಿ.

ಡಾಕ್ಟರರ ಮೇಲೆ ನನಗೆ ಹಗೆಯಿಲ್ಲ. ವೈನಿಯನ್ನು ಉಳಿಸಿದವರೂ ಡಾಕ್ಟರರೇ. ಆ ದುಂಡನೆಯ ಅಕ್ಷರದ ನರ್ಸನ್ನು ನಾನು ನೋಡಿಲ್ಲ. ನೋಡಿದರೆ ಕೈ ಮುಗಿಯುತ್ತೇನೆ. ತನ್ನ ಕೆಲಸವನ್ನು ಆಕೆ ಸರಿಯಾಗಿ ಮಾಡಿ ಬರೆದಿಟ್ಟದ್ದರಿಂದಲೇ ನಮಗೆ ಸತ್ಯ ತಿಳಿಯಿತು.

ನಾವು ಹೆಂಗಸರು ಹಾಲಿನ ಲೆಕ್ಕವನ್ನು ಕ್ಯಾಲೆಂಡರಿನ ಮೇಲೆ ಬರೆಯುತ್ತೇವೆ. ಸೀರೆಯ ರಸೀತಿಯನ್ನು ಬಣ್ಣ ಹೋದರೆ ಕೇಳಲೆಂದು ವರ್ಷಗಟ್ಟಲೆ ಇಡುತ್ತೇವೆ. ನಮ್ಮ ಮೈಯ ಕಾಗದ ಮಾತ್ರ ಬೇಡ. ಈಗ ನಾನು ಗೆಳತಿಯರಿಗೆ ಹೇಳುವುದು ಇಷ್ಟೇ. ದವಾಖಾನೆಯಿಂದ ಹೊರಡುವಾಗ ಡಿಸ್‌ಚಾರ್ಜ್ ಕಾರ್ಡ್ ಒಂದಕ್ಕೇ ತೃಪ್ತಿಪಡಬೇಡಿ. ಗಾಯ ಕೆಂಪಾಗಿದ್ದರೆ, ಜ್ವರವಿದ್ದರೆ ಅದನ್ನು ಬಾಯಲ್ಲಿ ಹೇಳಿ ಸುಮ್ಮನಾಗಬೇಡಿ, ಬರೆಸಿ. ಮನೆಗೆ ಬಂದ ಮೇಲೆ ಕೀವು ಕಂಡರೆ ಅದೇ ದಿನ ತಾರೀಖು ಬರೆದಿಡಿ, ತಡಮಾಡದೆ ಡಾಕ್ಟರರಿಗೆ ತೋರಿಸಿ. ಕೀವಿನ ಪರೀಕ್ಷೆಯ ವರದಿಯನ್ನು ಬಿಸಾಡಬೇಡಿ. ಕೇಸ್ ಶೀಟ್ ಬೇಕೆಂದು ಬರೆದು ಕೇಳಿ. ಎರಡು ವರ್ಷ ಎಂಬುದನ್ನು ಮರೆಯಬೇಡಿ. ದೂರು ಕೊಡುವುದೋ ಬಿಡುವುದೋ ಆಮೇಲಿನ ಮಾತು.

ಕಳೆದ ತಿಂಗಳು ಇಳಕಲ್ಲಿಗೆ ಹೋಗಿದ್ದೆ. ಊಟಕ್ಕೆ ಕುಳಿತಾಗ ವೈನಿ ರೊಟ್ಟಿಯ ಜೊತೆ ಎಣಗಾಯಿ ಬಡಿಸಿದಳು. ನನಗೆ ಬಡಿಸಿ, ತನ್ನ ತಾಟಿಗೂ ಒಂದು ಹಾಕಿಕೊಂಡಳು. ನಾನು ಮುಖ ನೋಡಿದೆ.

"ತಾಯಿ ಬನಶಂಕರಿಗೆ ಹೇಳೀನವಾ," ಎಂದಳು, ರೊಟ್ಟಿ ಮುರಿಯುತ್ತ. "ಪಾಪ, ಬದನಿಕಾಯಿ ಏನ್ ಮಾಡಿತ್ತು?"